ಆರೋಗ್ಯ ಮತ್ತು ಜೀವನ ಕೌಶಲದ ಪಾಠವನ್ನು ಯಾರ ಕೈಗೆ ಕೊಡಬೇಕು? ಕೋಲಾರ ಜಿಲ್ಲೆಯ ಪ್ರೌಢಶಾಲೆಗಳಿಗೊಂದು ಹೋಲಿಕೆ

ಜೂನ್ ತಿಂಗಳಲ್ಲಿ ವೇಳಾಪಟ್ಟಿ ಬರೆಯಲು ಕುಳಿತಾಗ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮತ್ತು ಮೂರು ಭಾಷೆಗಳು ತಮ್ಮ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ, ಹದಿಹರೆಯದ ಮಗುವಿನ ಮೈ, ಮನಸ್ಸು, ಗೆಳೆತನ, ಸುರಕ್ಷತೆ ಇವುಗಳ ಬಗ್ಗೆ ಮಾತನಾಡಲು ಯಾವ ಹೊತ್ತನ್ನು ಮೀಸಲಿಡಬೇಕು, ಅದನ್ನು ಯಾರಿಗೆ ವಹಿಸಬೇಕು ಎಂಬ ಪ್ರಶ್ನೆ ಪ್ರತಿ ಪ್ರೌಢಶಾಲೆಯಲ್ಲೂ ಏಳುತ್ತದೆ. ಬಹಳ ಕಡೆ ಅದಕ್ಕೆ ಉತ್ತರ ಸಿಗುವ ಮೊದಲೇ ವೇಳಾಪಟ್ಟಿ ಗೋಡೆಗೆ ಅಂಟಿರುತ್ತದೆ. ನಾನು ಕೋಲಾರ ಜಿಲ್ಲೆಯ ಮೂರು ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಶಿಕ್ಷಕಿಯಾಗಿ ಕೆಲಸ ಮಾಡಿದ್ದೇನೆ. ಈ ಪಾಠವನ್ನು ಆರು ಬೇರೆ ಬೇರೆ ರೀತಿಗಳಲ್ಲಿ ನಡೆಸುವುದನ್ನು ಹತ್ತಿರದಿಂದ ಕಂಡಿದ್ದೇನೆ. ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ತಮ್ಮ ಮಕ್ಕಳ ಶಾಲೆಯಲ್ಲಿ ಇದು ಹೇಗೆ ನಡೆಯುತ್ತಿದೆ ಎಂದು ವಿಚಾರಿಸಬೇಕೆಂದಿರುವ ತಂದೆತಾಯಿಗಳು ಆ ಆರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಅನುಕೂಲವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಏನು ಕಲಿಸಬೇಕು ಎಂಬುದರಲ್ಲಿ ಈಗ ಹೆಚ್ಚಿನ ಗೊಂದಲವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಹತ್ತು ಜೀವನ ಕೌಶಲಗಳನ್ನು, ಅಂದರೆ ತನ್ನನ್ನು ತಾನು ಅರಿಯುವುದರಿಂದ ಹಿಡಿದು ಭಾವನೆ ಮತ್ತು ಒತ್ತಡಗಳನ್ನು ನಿಭಾಯಿಸುವವರೆಗಿನ ಕೌಶಲಗಳನ್ನು, ಶಿಕ್ಷಕರೆಲ್ಲರೂ ಒಂದಲ್ಲ ಒಂದು ತರಬೇತಿಯಲ್ಲಿ ಕೇಳಿರುತ್ತಾರೆ. 2020ರಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಆರಂಭವಾದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮವು 11 ವಿಷಯಗಳನ್ನು ಗೊತ್ತುಮಾಡಿದೆ. ಬೆಳವಣಿಗೆ, ಮಾನಸಿಕ ಆರೋಗ್ಯ, ಪರಸ್ಪರ ಸಂಬಂಧ, ಮೌಲ್ಯಗಳು, ಹೆಣ್ಣುಗಂಡುಗಳ ಸಮಾನತೆ, ಆಹಾರ ಮತ್ತು ಶುಚಿತ್ವ, ಮಾದಕ ವಸ್ತುಗಳಿಂದ ದೂರವಿರುವುದು, ಆರೋಗ್ಯಕರ ಜೀವನಶೈಲಿ, ಪ್ರಜನನ ಆರೋಗ್ಯ ಮತ್ತು ಎಚ್‌ಐವಿ ತಡೆ, ಹಿಂಸೆ ಮತ್ತು ಗಾಯಗಳಿಂದ ರಕ್ಷಣೆ, ಇಂಟರ್‌ನೆಟ್ಟಿನ ಸುರಕ್ಷಿತ ಬಳಕೆ ಇವು ಅದರಲ್ಲಿವೆ. ಆದ್ದರಿಂದ ಆರು ಮಾರ್ಗಗಳನ್ನು ಅವು ಮುಟ್ಟುವ ವಿಷಯಗಳ ಪಟ್ಟಿಯಿಂದ ಅಳೆದರೆ ಎಲ್ಲವೂ ಒಂದೇ ಎನ್ನಿಸುತ್ತವೆ. ನನ್ನ ಅಳತೆ ಬೇರೆ. ಪಾಠ ಕೇಳಿದ ಮಗುವಿಗೆ ನಾಲ್ಕು ದಿನ ಬಿಟ್ಟು ಒಂದು ಸಂಶಯ ಹುಟ್ಟಿದರೆ, ಇಲ್ಲವೇ ಮನೆಯಲ್ಲಿ ಏನೋ ನಡೆದು ಅದನ್ನು ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿದರೆ, ಪಾಠ ಹೇಳಿದವರು ಆ ಮಗುವಿನ ಕೈಗೆ ಸಿಗುತ್ತಾರೆಯೇ? ಸಿಕ್ಕರೆ, ಅವರ ಹತ್ತಿರ ಹೇಳಿಕೊಳ್ಳುವ ಧೈರ್ಯ ಮಗುವಿಗೆ ಬರುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಒಂದೊಂದನ್ನೇ ನೋಡೋಣ.

ಒಂದು ದಿನದ ಕಾರ್ಯಕ್ರಮ

ಹೆಚ್ಚು ಶಾಲೆಗಳು ಆರಿಸಿಕೊಳ್ಳುವುದು ಇದನ್ನೇ. ಹೊರಗಿನಿಂದ ವೈದ್ಯರನ್ನೋ ಸ್ವಯಂಸೇವಾ ಸಂಸ್ಥೆಯವರನ್ನೋ ಕರೆಸಿ, ಎರಡು ಗಂಟೆ ಮಾತನಾಡಿಸಿ, ಫೋಟೊ ತೆಗೆದು ವರದಿ ಕಳುಹಿಸಿದರೆ ಕೆಲಸ ಮುಗಿಯುತ್ತದೆ. ಖರ್ಚು ಕಡಿಮೆ, ಶಿಕ್ಷಕರಿಗೆ ಮುಜುಗರವಿಲ್ಲ, ಮಾತನಾಡುವವರಿಗೆ ವಿಷಯ ಚೆನ್ನಾಗಿ ಗೊತ್ತಿರುತ್ತದೆ.

ನಾನು ಹಿಂದೆ ಇದ್ದ ಶಾಲೆಯೊಂದರಲ್ಲಿ ಹಾಗೆ ಒಂದು ಗುರುವಾರ 8ರಿಂದ 10ನೇ ತರಗತಿಯವರೆಗಿನ ಹುಡುಗಿಯರನ್ನೆಲ್ಲ ಸಭಾಂಗಣದಲ್ಲಿ ಜಮಖಾನದ ಮೇಲೆ ಕೂರಿಸಿ, ಹುಡುಗರನ್ನು ಮೈದಾನಕ್ಕೆ ಕಳುಹಿಸಿ, ಕಿಟಕಿಗಳನ್ನು ಮುಚ್ಚಿ ಕಾರ್ಯಕ್ರಮ ಮಾಡಿದೆವು. ಬಂದವರು ಚೆನ್ನಾಗಿಯೇ ಮಾತನಾಡಿದರು. ಕೊನೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದಾಗ ಒಂದು ಕೈಯೂ ಏಳಲಿಲ್ಲ. ಸೋಮವಾರ ಬೆಳಗ್ಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರಯೋಗಾಲಯದ ಬಾಗಿಲಿಗೆ ಬಂದು, ಚಿಲಕವನ್ನು ಮೇಲೆ ಕೆಳಗೆ ಆಡಿಸುತ್ತಾ, ‘ಮಿಸ್, ಅವತ್ತು ಬಂದಿದ್ರಲ್ಲ ಮೇಡಂ, ಅವರ ಫೋನ್ ನಂಬರ್ ಇದೆಯಾ?’ ಎಂದು ಕೇಳಿದಳು. ನನ್ನ ಹತ್ತಿರ ಇರಲಿಲ್ಲ. ‘ಏನಾಯ್ತಮ್ಮ, ನನ್ನ ಹತ್ರ ಹೇಳು’ ಎಂದೆ. ‘ಏನಿಲ್ಲ ಮಿಸ್, ಬಿಡಿ’ ಎಂದು ಹೊರಟುಹೋದಳು. ಅವಳು ಏನು ಕೇಳಬೇಕೆಂದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾರ್ಯಕ್ರಮದ ವರದಿಯಲ್ಲಿ ಮಾತ್ರ ಎಲ್ಲವೂ ಯಶಸ್ವಿಯಾಗಿತ್ತು.

ಹಾಗೆಂದು ಇದನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಕಾನೂನಿನ ತಿಳಿವಳಿಕೆಗೆ ಒಂದು ದಿನದ ಭೇಟಿ ಸಾಕಾಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಬಂದು ಬಾಲ್ಯವಿವಾಹ ಮತ್ತು ಪೋಕ್ಸೊ ಕಾಯ್ದೆಗಳ ಬಗ್ಗೆ ಹೇಳುವುದು, ಪೊಲೀಸರ ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಮಕ್ಕಳು ಠಾಣೆಗೆ ಹೋಗಿ ಅಲ್ಲಿನ ಕೆಲಸವನ್ನು ಕಣ್ಣಾರೆ ನೋಡಿ ಬರುವುದು, ಇವೆರಡರಿಂದಲೂ ಪ್ರಯೋಜನವಾಗಿರುವುದನ್ನು ಕಂಡಿದ್ದೇನೆ. ಠಾಣೆಯ ಮೆಟ್ಟಿಲು ಒಮ್ಮೆ ಹತ್ತಿದ ಹುಡುಗಿಗೆ ಎರಡನೆಯ ಸಲ ಹತ್ತುವಾಗ ಅಷ್ಟು ಭಯವಿರುವುದಿಲ್ಲ. ಆದರೆ ಹೊರಗಿನವರನ್ನು ಕರೆಸುವ ಶಾಲೆ ಅವರಿಂದ ಎರಡು ಮಾತು ಮೊದಲೇ ಪಡೆಯಬೇಕು: ಇನ್ನೊಮ್ಮೆ ಯಾವಾಗ ಬರುತ್ತಾರೆ, ಮಧ್ಯದಲ್ಲಿ ಮಕ್ಕಳು ಅವರನ್ನು ತಲುಪುವುದು ಹೇಗೆ.

ವಿಷಯದ ಪಾಠದೊಳಗೇ ಸೇರಿಸುವುದು

ಎರಡನೆಯ ಮಾರ್ಗದಲ್ಲಿ ಪ್ರತ್ಯೇಕ ಪೀರಿಯಡ್ ಇರುವುದಿಲ್ಲ. 8ನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವಿದೆ, 10ನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠದೊಳಗೆ ಗರ್ಭನಿರೋಧಕಗಳು ಮತ್ತು ಲೈಂಗಿಕ ಸೋಂಕುಗಳ ವಿಷಯವೂ ಬರುತ್ತದೆ. ಅದನ್ನೇ ಚೆನ್ನಾಗಿ ಮಾಡಿದರೆ ಸಾಕಲ್ಲವೇ ಎಂದು ಕೇಳುವ ಮುಖ್ಯ ಶಿಕ್ಷಕರಿದ್ದಾರೆ. ಸಾಕಾಗುವುದಿಲ್ಲ. ಎಂಟನೇ ತರಗತಿಗೆ ಬರುವ ಹೊತ್ತಿಗೆ ಅನೇಕ ಹುಡುಗಿಯರಿಗೆ ಮುಟ್ಟು ಆರಂಭವಾಗಿರುತ್ತದೆ, ಹಾಗಾಗಿ ಅವರ ಪಾಲಿಗೆ ಆ ಪಾಠ ತಡವಾಗಿ ಬರುತ್ತದೆ. ಪರೀಕ್ಷೆಗೆ ಬರುವ ಪಾಠವಾದ್ದರಿಂದ ಚಿತ್ರ ಬರೆದು ಭಾಗಗಳನ್ನು ಹೆಸರಿಸುವುದರಲ್ಲೇ ಅದು ಮುಗಿಯುತ್ತದೆ. ಸಿಟ್ಟು, ಅವಮಾನ, ಗೆಳೆಯರ ಒತ್ತಾಯ, ಮೊಬೈಲಿನಲ್ಲಿ ಬಂದ ಕೆಟ್ಟ ಚಿತ್ರ, ಇವು ಯಾವ ವಿಷಯದ ಯಾವ ಪಾಠಕ್ಕೂ ಸೇರುವುದಿಲ್ಲ. ಆದರೂ ಆ ಎರಡು ಪಾಠಗಳನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವ ಅಭ್ಯಾಸ ಎಲ್ಲಿಯಾದರೂ ಉಳಿದಿದ್ದರೆ, ಉಳಿದ ಯಾವ ಮಾರ್ಗವನ್ನು ಹಿಡಿಯುವ ಮೊದಲೂ ಅದನ್ನು ನಿಲ್ಲಿಸಬೇಕು. ನಾಚಿಕೆಯಿಂದ ಪುಟ ತಿರುವಿದ ಶಿಕ್ಷಕರ ಹತ್ತಿರ ಮಗು ಮುಂದೆ ಯಾವುದನ್ನೂ ಕೇಳುವುದಿಲ್ಲ.

ವಾರಕ್ಕೊಂದು ಪೀರಿಯಡ್, ಶಾಲೆಯದೇ ಶಿಕ್ಷಕರಿಂದ

ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದ ಮೂಲ ಕಲ್ಪನೆ ಇದು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟೂ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ, ತರಬೇತಿ ಪಡೆದು ‘ಆರೋಗ್ಯ ಮತ್ತು ಕ್ಷೇಮ ರಾಯಭಾರಿ’ಗಳಾಗಿ ವಾರಕ್ಕೊಂದು ಗಂಟೆಯಂತೆ ವರ್ಷದಲ್ಲಿ 24 ಗಂಟೆಗಳ ಚಟುವಟಿಕೆ ನಡೆಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಪ್ರೌಢಶಾಲಾ ಮಕ್ಕಳಿಗೆ ಶಿಕ್ಷಕರೇ ನಡೆಸಬಹುದಾದ ಜೀವನ ಕೌಶಲದ ಕೈಪಿಡಿಗಳನ್ನು ಸಿದ್ಧಪಡಿಸಿದೆ. ನಾನು ಹೆಚ್ಚು ವರ್ಷ ಮಾಡಿರುವುದೂ ಇದನ್ನೇ; ಆದ್ದರಿಂದ ಇದರ ಬಲವನ್ನೂ ಕೊರತೆಯನ್ನೂ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಇದರ ದೊಡ್ಡ ಬಲವೆಂದರೆ ಊರಿನದೇ ಆದ ವಿಷಯವನ್ನು ಎತ್ತಿಕೊಳ್ಳಬಹುದು. ನಮ್ಮ ತರಗತಿಯ ಮೂಲೆಯಲ್ಲಿ ಮುಚ್ಚಳಕ್ಕೆ ಸೀಳು ಮಾಡಿದ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಹೆಸರು ಬರೆಯದೆ ಯಾರು ಏನು ಬೇಕಾದರೂ ಚೀಟಿ ಹಾಕಬಹುದು. ಆಂಧ್ರದ ಗಡಿಗೆ ಹತ್ತಿರದ ಊರಾದ್ದರಿಂದ ಕೆಲವು ಚೀಟಿಗಳು ಕನ್ನಡ ಅಕ್ಷರದಲ್ಲಿ ಬರೆದ ತೆಲುಗಿನಲ್ಲಿರುತ್ತವೆ. ಒಂದು ಚೀಟಿಯಲ್ಲಿ ‘ಮಿಸ್, ನಾ ಪಳ್ಳು ಎಂದುಕು ಪಚ್ಚಗಾ ಉನ್ನಾಯಿ?’ ಎಂದಿತ್ತು, ನನ್ನ ಹಲ್ಲು ಯಾಕೆ ಹಳದಿಯಾಗಿವೆ ಎಂಬ ಪ್ರಶ್ನೆ. ಆ ಕೈಬರಹವನ್ನು ಗುರುತಿಸುವ ಪ್ರಯತ್ನವನ್ನೇ ನಾನು ಮಾಡಲಿಲ್ಲ. ಏಕೆಂದರೆ ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಮಕ್ಕಳು ಆ ತರಗತಿಯಲ್ಲಿ ಒಬ್ಬಿಬ್ಬರಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೂ ತುಮಕೂರಿನ ಪಾವಗಡದಲ್ಲೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ.

ಆ ಒಂದು ಚೀಟಿಯಿಂದ ನಾಲ್ಕು ವಾರದ ಪಾಠವಾಯಿತು. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನಿಂದ ಆ ಕಲೆ ಬಂದಿದೆಯೇ ಹೊರತು ಹಲ್ಲುಜ್ಜದೆ ಬಂದದ್ದಲ್ಲ ಎಂಬುದನ್ನು ಮೊದಲ ವಾರ ಹೇಳಿದೆ. ಅದನ್ನು ಕೇಳಿದಾಗ ತರಗತಿಯಲ್ಲಿ ಉಂಟಾದ ಮೌನವನ್ನು ನಾನು ಮರೆತಿಲ್ಲ, ಏಕೆಂದರೆ ಅಷ್ಟು ವರ್ಷ ಆ ಮಕ್ಕಳು ತಮ್ಮದೇ ತಪ್ಪೆಂದು ಇದ್ದಿಲು, ಉಪ್ಪು ಹಾಕಿ ವಸಡು ಕಿತ್ತುಬರುವಂತೆ ಉಜ್ಜಿಕೊಂಡಿದ್ದರು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ ಎಂಬುದು ಎರಡನೆಯ ವಾರಕ್ಕೆ ಬಂತು. ಮೂರನೆಯ ವಾರ ಹುಡುಗರು ಹುಡುಗಿಯರನ್ನು ‘ಹಳದಿ ಹಲ್ಲು’ ಎಂದು ಕರೆಯುವುದರ ಬಗ್ಗೆಯೂ, ಹೆಣ್ಣು ನೋಡಲು ಬಂದವರು ಅಕ್ಕಂದಿರ ಹಲ್ಲು ನೋಡಿ ಆಡುವ ಮಾತಿನ ಬಗ್ಗೆಯೂ ಮಕ್ಕಳೇ ಮಾತು ತೆಗೆದರು. ನಾಲ್ಕನೆಯ ವಾರ, ಮನೆಯಲ್ಲಿರುವ ಪುಟ್ಟ ತಮ್ಮ ತಂಗಿಯರಿಗಾದರೂ ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ನೀರು ತರಬೇಕು, ಆ ಕೆಲಸವನ್ನು ಹುಡುಗರೂ ಮಾಡಬೇಕು ಎಂದು ತರಗತಿಯೇ ತೀರ್ಮಾನಿಸಿತು. ಆರೋಗ್ಯ, ಮನಸ್ಸು, ಸಮಾನತೆ ಮೂರೂ ಒಂದೇ ಎಳೆಯಲ್ಲಿ ಬಂದ ಇಂಥ ಪಾಠವನ್ನು ಹೊರಗಿನಿಂದ ಬರುವವರು ಎರಡು ಗಂಟೆಯಲ್ಲಿ ಮಾಡಲಾರರು.

ಇನ್ನು ಕೊರತೆ. ನಾವು ಶಿಕ್ಷಕರು ಅಂಕ ಕೊಡುವವರು, ಹಾಜರಿ ಹಾಕುವವರು, ಸಂತೆಯಲ್ಲಿ ಮಗುವಿನ ತಂದೆ ಸಿಕ್ಕರೆ ನಿಂತು ಮಾತನಾಡುವವರು. ಮಗು ಇದನ್ನೆಲ್ಲ ಲೆಕ್ಕ ಹಾಕಿಯೇ ಬಾಯಿ ತೆರೆಯುತ್ತದೆ. ಬಿಹಾರದ ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ‘ಸೆಹೆರ್’ ಎಂಬ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಅಲ್ಲಿ ಒಂದೇ ಬಗೆಯ ಚಟುವಟಿಕೆಗಳನ್ನು ಕೆಲವು ಶಾಲೆಗಳಲ್ಲಿ ತರಬೇತಾದ ಶಿಕ್ಷಕರಿಗೂ, ಇನ್ನು ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ನೇಮಿಸಿದ, ಆದರೆ ಮನಶ್ಶಾಸ್ತ್ರದ ಪದವಿ ಇಲ್ಲದ ಸಾಮಾನ್ಯ ಸಮಾಲೋಚಕರಿಗೂ ವಹಿಸಿದ್ದರು. ಸಮಾಲೋಚಕರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತು. ಖಿನ್ನತೆ, ಪೀಡನೆ, ಹಿಂಸೆ ಕಡಿಮೆಯಾದವು. ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಿಕ್ಷಕಿಯಾಗಿ ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು, ಆದರೆ ಪ್ರಯೋಗಾಲಯದ ಬಾಗಿಲಿನಿಂದ ಹಿಂತಿರುಗಿದ ಆ ಹುಡುಗಿಯನ್ನು ನೆನೆದರೆ ಒಪ್ಪದೆ ಬೇರೆ ದಾರಿಯಿಲ್ಲ. ಈ ಪಾಠ ವಹಿಸಿಕೊಳ್ಳುವ ಶಿಕ್ಷಕರ ಇತರ ಹೊರೆಯನ್ನು ಶಾಲೆ ಇಳಿಸಬೇಕು. ಮಕ್ಕಳು ಹೇಳಿದ್ದು ಸಿಬ್ಬಂದಿ ಕೊಠಡಿಯ ಮಾತಾಗುವುದಿಲ್ಲ ಎಂಬ ಶಿಸ್ತನ್ನು ಎಲ್ಲ ಶಿಕ್ಷಕರೂ ಪಾಲಿಸಬೇಕು. ಇವೆರಡೂ ಇಲ್ಲದಿದ್ದರೆ ಪೀರಿಯಡ್ ವೇಳಾಪಟ್ಟಿಯಲ್ಲಿ ಮಾತ್ರ ಉಳಿಯುತ್ತದೆ.

ಸಮಾಲೋಚಕರು

ಹಾಗಾದರೆ ಸಮಾಲೋಚಕರನ್ನೇ ನೇಮಿಸಬಹುದಲ್ಲ ಎಂದರೆ, ಸರ್ಕಾರಿ ಪ್ರೌಢಶಾಲೆಗಳಲ್ಲಿ ಬಹುಪಾಲು ಕಡೆ ಅಂಥ ಹುದ್ದೆಯೇ ಇಲ್ಲ. ಸಿಬಿಎಸ್‌ಇ ಶಾಲೆಗಳಿಗೆ ಸಮಾಲೋಚಕರಿರಬೇಕೆಂಬ ನಿಯಮವಿದೆ. ಕೋಲಾರ, ಬಂಗಾರಪೇಟೆ, ಕೆಜಿಎಫ್‌ನಂಥ ಊರುಗಳ ಖಾಸಗಿ ಶಾಲೆಗೆ ಮಗುವನ್ನು ಸೇರಿಸುವವರು ಸಮಾಲೋಚಕರು ವಾರದಲ್ಲಿ ಎಷ್ಟು ದಿನ ಶಾಲೆಯಲ್ಲಿರುತ್ತಾರೆ, ಅವರಿಗೆ ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಇದೆಯೇ, ಅವರೇ ಬೇರೆ ವಿಷಯದ ಪಾಠವನ್ನೂ ಮಾಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಪಾಠವನ್ನೂ ಮಾಡಿ ಅಂಕವನ್ನೂ ಕೊಡುವ ಸಮಾಲೋಚಕರಿದ್ದರೆ ಮೇಲೆ ಹೇಳಿದ ಕೊರತೆ ಅಲ್ಲಿಯೂ ಮರಳಿ ಬರುತ್ತದೆ.

ಸರ್ಕಾರಿ ಶಾಲೆಗೆ ಇರುವ ಹತ್ತಿರದ ದಾರಿಯೆಂದರೆ ಸ್ನೇಹಾ ಕ್ಲಿನಿಕ್. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗವಾಗಿ 10ರಿಂದ 19 ವರ್ಷದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಈ ಕ್ಲಿನಿಕ್‌ನ ಹೆಸರೇ ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ. ತಾಲ್ಲೂಕು ಆಸ್ಪತ್ರೆಯವರೊಡನೆ ಮಾತನಾಡಿ, ತಿಂಗಳಿಗೊಮ್ಮೆಯಾದರೂ ಅಲ್ಲಿನ ಸಮಾಲೋಚಕರು ಅದೇ ದಿನ, ಅದೇ ಹೊತ್ತಿಗೆ ಶಾಲೆಗೆ ಬರುವಂತೆ ಏರ್ಪಡಿಸಿಕೊಂಡರೆ, ಮಕ್ಕಳು ಆ ದಿನವನ್ನು ಕಾಯತೊಡಗುತ್ತಾರೆ. ದೂರವಾಣಿಯ ನೆರವು ಇದರ ಜೊತೆಗಿರಲಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿ 1098, ಇವೆರಡನ್ನೂ ಶೌಚಾಲಯದ ಬಾಗಿಲ ಒಳಮೈಗೆ ಅಂಟಿಸಿ; ಮುಖ್ಯ ಶಿಕ್ಷಕರ ಕೊಠಡಿಯ ಎದುರು ನಿಂತು ಅದನ್ನು ಬರೆದುಕೊಳ್ಳುವ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ.

ಆರೋಗ್ಯ ಇಲಾಖೆಯ ಭೇಟಿಗಳು

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಬಂದು ಮಕ್ಕಳ ಕಣ್ಣು, ಹಲ್ಲು, ತೂಕ, ಎತ್ತರ ನೋಡಿ ಹೋಗುತ್ತದೆ. 10ರಿಂದ 19 ವರ್ಷದವರಿಗೆ ವಾರಕ್ಕೊಂದರಂತೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ, ಹುಡುಗಿಯರಿಗೆ ಶುಚಿ ಯೋಜನೆಯ ಪ್ಯಾಡ್ ಇವು ಶಾಲೆಯ ಮೂಲಕವೇ ಹಂಚಿಕೆಯಾಗುತ್ತವೆ. ಕೊಡುವುದನ್ನೇ ಕಲಿಸುವುದೆಂದು ತಿಳಿಯುವುದು ಈ ಮಾರ್ಗದ ಅಪಾಯ. ಒಂದು ವರ್ಷ ಮಳೆ ಬಂದು ನಿಂತ ಮೇಲೆ ತರಗತಿಯ ಕಿಟಕಿಯ ಹೊರಗೆ, ಗೋಡೆಯ ಬುಡದ ಮಣ್ಣಿನಲ್ಲಿ, ನೀಲಿ ಬಣ್ಣ ಕರಗಿ ಹರಿದಿತ್ತು. ಮಕ್ಕಳು ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ನಾವು ಅತ್ತ ತಿರುಗಿದ ಕೂಡಲೇ ಕಿಟಕಿಯಿಂದ ಉಗುಳುತ್ತಿದ್ದರು. ಗದರಿಸುವ ಬದಲು ಕಾರಣ ಕೇಳಿದಾಗ ಗೊತ್ತಾಯಿತು: ಮಲ ಕಪ್ಪಾದದ್ದನ್ನು ಕಂಡು ಹೊಟ್ಟೆಯೊಳಗೆ ರಕ್ತ ಕೆಟ್ಟಿದೆ ಎಂದು ಒಬ್ಬಳು ಹೆದರಿದ್ದಳು, ಆ ಮಾತು ತರಗತಿಗೆಲ್ಲ ಹಬ್ಬಿತ್ತು. ಕಬ್ಬಿಣಾಂಶ ಸೇವಿಸಿದಾಗ ಮಲ ಕಪ್ಪಾಗುವುದು ಸಹಜ, ಬಿಸಿಯೂಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ, ಅದರ ಜೊತೆ ಟೀ ಕುಡಿಯಬಾರದು, ನೆಲ್ಲಿಕಾಯಿ ಇಲ್ಲವೇ ನಿಂಬೆಹಣ್ಣು ಒಳ್ಳೆಯದು ಎಂಬ ನಾಲ್ಕು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ಮಾತ್ರೆಗಳು ಮಣ್ಣು ಸೇರುತ್ತಿರಲಿಲ್ಲ. ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರು ಉಪಕೇಂದ್ರದ ಆರೋಗ್ಯ ಸಹಾಯಕಿ. ಅವರನ್ನೂ ಊರಿನ ಆಶಾ ಅಕ್ಕನನ್ನೂ ಮಕ್ಕಳು ಮನೆಯಂಗಳದಲ್ಲೇ ನೋಡಿರುವುದರಿಂದ ಮೈಗೆ ಸಂಬಂಧಿಸಿದ ಪ್ರಶ್ನೆಗಳನ್ನು ಅವರ ಹತ್ತಿರ ಬೇಗ ಕೇಳುತ್ತಾರೆ. ಹಾಗೆಯೇ, ಅವರು ಅಮ್ಮನ ಪರಿಚಯದವರು ಎಂಬ ಕಾರಣಕ್ಕೇ ಗುಟ್ಟಿನ ಮಾತನ್ನು ಅವರಿಂದ ಬಚ್ಚಿಡುವ ಮಕ್ಕಳೂ ಇದ್ದಾರೆ.

ಮಕ್ಕಳಿಂದಲೇ ಮಕ್ಕಳಿಗೆ

ಪ್ರತಿ ತರಗತಿಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಆರಿಸಿ ತರಬೇತಿ ಕೊಡುವ ಈ ಕ್ರಮ ಪ್ಯಾಡ್ ಹಂಚುವುದಕ್ಕೆ, ಮಾತ್ರೆಯ ದಿನವನ್ನು ನೆನಪಿಸುವುದಕ್ಕೆ, ಗುಟ್ಕಾ ಬಾಯಿಗೆ ಹಾಕಿಕೊಳ್ಳಲು ಶುರುಮಾಡಿದ ಗೆಳೆಯನಿಗೆ ಬುದ್ಧಿ ಹೇಳುವುದಕ್ಕೆ ತುಂಬಾ ಒಳ್ಳೆಯದು. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾಯ್ದೆಯನ್ನು ತಿಳಿದುಕೊಂಡ ಮಕ್ಕಳು ಶಾಲೆಯ ಗೇಟಿನಿಂದ ಪೆಟ್ಟಿಗೆ ಅಂಗಡಿಯವರೆಗೆ ಟೇಪು ಹಿಡಿದು ಅಳೆದು, ಮಕ್ಕಳ ಗ್ರಾಮಸಭೆಯಲ್ಲಿ ಅದನ್ನು ಎತ್ತಿದರು. ಅಂಥ ಕೆಲಸದಲ್ಲಿ ಅವರ ಮುಂದೆ ನಾವು ಯಾರೂ ನಿಲ್ಲಲಾರೆವು. ಆದರೆ ದೌರ್ಜನ್ಯದ ಮಾತು, ಸಾಯಬೇಕೆನಿಸುತ್ತದೆ ಎಂಬ ಮಾತು ಹದಿನಾಲ್ಕು ವರ್ಷದ ಮಗುವಿನ ಹೆಗಲ ಮೇಲೆ ಬೀಳಬಾರದು. ಅಂಥದ್ದೇನಾದರೂ ಕಿವಿಗೆ ಬಿದ್ದರೆ ಅದೇ ದಿನ ಯಾವ ಶಿಕ್ಷಕರಿಗೆ ಹೇಳಬೇಕು ಎಂಬುದನ್ನು ಆ ಮಕ್ಕಳಿಗೆ ಹೆಸರು ಹಿಡಿದು ಹೇಳಿಕೊಡಬೇಕು.

ಮಗು ಬಾಯಿಬಿಟ್ಟಾಗ

ಯಾವ ಮಾರ್ಗ ಹಿಡಿದರೂ ತಪ್ಪದ ಸಂಗತಿಯೊಂದಿದೆ. ಸುರಕ್ಷತೆಯ ಪಾಠ ಚೆನ್ನಾಗಿ ನಡೆದರೆ ಯಾವುದೋ ಒಂದು ಮಗು ತನಗಾದದ್ದನ್ನು ಹೇಳಿಯೇ ಹೇಳುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ಇಲ್ಲವೇ ವಿಶೇಷ ಬಾಲನ್ಯಾಯ ಪೊಲೀಸ್ ಘಟಕಕ್ಕೆ ತಿಳಿಸಬೇಕು, ತಿಳಿಸದಿರುವುದು ಶಿಕ್ಷೆಗೆ ಗುರಿಯಾಗುವ ಅಪರಾಧ. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ, ನನ್ನ ಹತ್ತಿರ ಹೇಳು’ ಎಂಬ ಭಾಷೆಯನ್ನು ಶಿಕ್ಷಕರಾಗಲಿ ಹೊರಗಿನಿಂದ ಬಂದವರಾಗಲಿ ಕೊಡಬಾರದು. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ’ ಎನ್ನುವುದು ಸರಿ. ಹೊರಗಿನವರನ್ನು ಕರೆಸುವ ಮೊದಲು ಇಂಥ ಸಂದರ್ಭದಲ್ಲಿ ಏನು ಮಾಡುತ್ತೀರಿ ಎಂದು ಅವರನ್ನೇ ಕೇಳಿ; ಉತ್ತರಿಸಲು ತಡವರಿಸಿದರೆ ಅವರಿಂದ ಹಲ್ಲಿನ ಆರೋಗ್ಯದ ಬಗ್ಗೆ ಮಾತನಾಡಿಸಿ ಕಳುಹಿಸಿ, ಸುರಕ್ಷತೆಯ ಪಾಠವನ್ನು ವಹಿಸಬೇಡಿ.

ಬಾಲ್ಯವಿವಾಹದ ಸುಳಿವೂ ಹೀಗೆಯೇ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹತ್ತನೇ ತರಗತಿಯ ಪರೀಕ್ಷೆ ಮುಗಿದ ಕೂಡಲೇ ಮದುವೆ ಎಂಬ ಮಾತು ಮನೆಯಲ್ಲಿ ಎದ್ದಿರುವುದು ಆ ಹುಡುಗಿಯ ಪಕ್ಕ ಕೂರುವ ಗೆಳತಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ಬರುವವರ ಕಿವಿಗೆ ಅದು ಬೀಳುವುದಿಲ್ಲ. ಪ್ರತಿ ವಾರ ತರಗತಿಯಲ್ಲಿ ಕೂರುವವರ ಕಿವಿಗೆ ಬೀಳುತ್ತದೆ.

ಯಾವ ಶಾಲೆಗೆ ಯಾವುದು

ನೂರು ನೂರೈವತ್ತು ಮಕ್ಕಳು, ಏಳೆಂಟು ಶಿಕ್ಷಕರು ಇರುವ ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಯ ಪ್ರೌಢಶಾಲೆಗೆ ವಾರದ ಪೀರಿಯಡ್ಡೇ ಆಧಾರವಾಗಿರಬೇಕು, ಅದರ ಜೊತೆ ಆರೋಗ್ಯ ಸಹಾಯಕಿ ಮತ್ತು ಸ್ನೇಹಾ ಕ್ಲಿನಿಕ್‌ನವರ ತಿಂಗಳ ಭೇಟಿ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ಶಿಕ್ಷಕರಿಂದ ಮಾತ್ರ ಆಗದ್ದನ್ನು ಆ ಭೇಟಿ ತುಂಬಿಕೊಡುತ್ತದೆ. ಭೇಟಿಯವರು ಹೋದ ಮೇಲೆ ಉಳಿಯುವ ಪ್ರಶ್ನೆಗಳಿಗೆ ಶಿಕ್ಷಕರಿರುತ್ತಾರೆ. ಪಟ್ಟಣದ ದೊಡ್ಡ ಶಾಲೆಯಲ್ಲಿ ಒಂದೊಂದು ತರಗತಿಗೆ ಅರವತ್ತು ಮಕ್ಕಳಿದ್ದರೆ ಚೀಟಿಯ ಡಬ್ಬಿ ಮತ್ತು ಮಕ್ಕಳ ನಾಯಕರು ಅನಿವಾರ್ಯ. ಹಣವಿದ್ದರೆ ಮೊದಲು ಖರ್ಚು ಮಾಡಬೇಕಾದದ್ದು ಪ್ರೊಜೆಕ್ಟರಿಗಲ್ಲ, ಅಂಕ ಕೊಡದ ಒಬ್ಬ ಸಮಾಲೋಚಕರಿಗೆ. ವಸತಿ ಶಾಲೆಗಳಲ್ಲಿ ರಾತ್ರಿ ಮಕ್ಕಳ ಜೊತೆಗಿರುವ ನಿಲಯಪಾಲಕರಿಗೇ ಮೊದಲ ತರಬೇತಿ ಆಗಬೇಕು, ಏಕೆಂದರೆ ಮನೆಯ ನೆನಪು, ಹೊಟ್ಟೆನೋವು, ಮೊದಲ ಮುಟ್ಟು, ಹಿರಿಯ ಹುಡುಗರ ಕಾಟ ಇವೆಲ್ಲ ಬರುವುದು ದೀಪ ಆರಿದ ಮೇಲೆ.

ಹುಡುಗರು ಮತ್ತು ಹುಡುಗಿಯರನ್ನು ಒಟ್ಟಿಗೆ ಕೂರಿಸಬೇಕೇ, ಬೇರೆ ಬೇರೆಯಾಗಿಯೇ ಎಂಬುದನ್ನು ಪೋಷಕರು ತಪ್ಪದೆ ಕೇಳುತ್ತಾರೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಮೊದಲ ಎರಡು ವಾರ ಬೇರೆ ಬೇರೆ ಕೂರಿಸಿ, ನಾಚಿಕೆಯಿಲ್ಲದೆ ಕೇಳುವಷ್ಟು ಕೇಳಿ ಮುಗಿದ ಮೇಲೆ ಮೂರನೆಯ ವಾರ ಒಟ್ಟಿಗೆ ತಂದರೆ ತರಗತಿ ಗಂಭೀರವಾಗಿರುತ್ತದೆ. ಹುಡುಗರನ್ನು ಮೈದಾನಕ್ಕೆ ಕಳುಹಿಸುವುದು ಮಾತ್ರ ದೊಡ್ಡ ತಪ್ಪು. ಮೈಯಲ್ಲಿ ಆಗುವ ಬದಲಾವಣೆಗಳ ಬಗ್ಗೆ ಅವರಿಗೆ ಹೇಳುವವರು ಮನೆಯಲ್ಲೂ ಇರುವುದಿಲ್ಲ, ಆ ಜಾಗವನ್ನು ಮೊಬೈಲ್ ತುಂಬುತ್ತದೆ. ಅಕ್ಕತಂಗಿಯರ ಮುಟ್ಟಿನ ಬಗ್ಗೆ ತಿಳಿದ ಹುಡುಗ ಅವರನ್ನು ಕೊಟ್ಟಿಗೆಯ ಪಕ್ಕ ಮಲಗಿಸುವ ಮನೆಯಲ್ಲಿ ಒಂದು ದಿನ ಯಾಕೆ ಎಂದು ಕೇಳುತ್ತಾನೆ. ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ.

ಪಾಠ ಆರಂಭಿಸುವ ಮೊದಲು ಪೋಷಕರ ಸಭೆ ಕರೆದು, ವರ್ಷದಲ್ಲಿ ಬರುವ ವಿಷಯಗಳ ಪಟ್ಟಿಯನ್ನು ಕನ್ನಡದಲ್ಲಿ ಓದಿ, ಅಗತ್ಯವಿದ್ದ ಕಡೆ ತೆಲುಗಿನಲ್ಲೂ ವಿವರಿಸಿ. ವಿರೋಧ ಬರಬಹುದೆಂದು ಮುಚ್ಚಿಟ್ಟ ಶಾಲೆಯಲ್ಲೇ ವಿರೋಧ ಹೆಚ್ಚಾದದ್ದನ್ನು ಕಂಡಿದ್ದೇನೆ. ಪಟ್ಟಿಯನ್ನು ಕೇಳಿದ ತಾಯಂದಿರು ನಮಗೂ ಇದನ್ನು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎಂದು ಹೇಳಿ ಎದ್ದುಹೋದದ್ದೂ ಉಂಟು.

ಕೊನೆಗೆ ಹೊತ್ತಿನ ಮಾತು. ಈ ಪೀರಿಯಡ್ಡನ್ನು ಶನಿವಾರಕ್ಕಾಗಲಿ, ದಿನದ ಕೊನೆಗಾಗಲಿ ಇಡಬೇಡಿ. ಸಭೆ, ಕ್ರೀಡಾಕೂಟ, ಎಸ್ಸೆಸ್ಸೆಲ್ಸಿ ವಿಶೇಷ ತರಗತಿ ಎಲ್ಲವೂ ಮೊದಲು ನುಂಗುವುದು ಆ ಹೊತ್ತನ್ನೇ, ಮತ್ತು ಬಸ್ಸು ಹಿಡಿಯುವ ಆತುರದಲ್ಲಿರುವ ಮಗು ಪ್ರಶ್ನೆ ಕೇಳಲು ಹಿಂದೆ ಉಳಿಯುವುದಿಲ್ಲ. ನಮ್ಮ ಶಾಲೆಯಲ್ಲಿ ಈಗ ಅದು ಮಂಗಳವಾರ, ಬಿಸಿಯೂಟಕ್ಕೆ ಮುಂಚಿನ ಪೀರಿಯಡ್. ಗಂಟೆ ಹೊಡೆದ ಮೇಲೆ ಮಕ್ಕಳೆಲ್ಲ ತಟ್ಟೆ ಹಿಡಿದು ಓಡುತ್ತಾರೆ, ನಾನು ಡಬ್ಬಿಯನ್ನು ಎತ್ತಿಡುವ ನೆಪದಲ್ಲಿ ಹತ್ತು ನಿಮಿಷ ತರಗತಿಯಲ್ಲೇ ಉಳಿಯುತ್ತೇನೆ. ತಟ್ಟೆ ಮರೆತೆ ಎಂದು ಹೇಳಿಕೊಂಡು ಹಿಂದಕ್ಕೆ ಬರುವವರು ಇದ್ದೇ ಇರುತ್ತಾರೆ.